ಕಾರ್ವೆಯೇ ಬೇರೆ, ನಿಲುಗಡೆಯೇ ಬೇರೆ

ಅಭ್ಯಾಸ ಬೋಧನೆಯಲ್ಲಿ ಹಾಡು ಕಲಿಸುವ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಈಗ ಹಾರ್ಮೋನಿಯಂ ಬದಲು ಲ್ಯಾಪ್‌ಟಾಪ್ ಹಿಡಿದು ತರಗತಿಗೆ ಬರುತ್ತಾರೆ. ಮ್ಯೂಸ್‌ಸ್ಕೋರ್ ಉಚಿತವಾಗಿ ಸಿಗುತ್ತದೆ. ಸ್ವರಗಳನ್ನು ಒಮ್ಮೆ ಬರೆದರೆ ಅದೇ ನುಡಿಸಿ ಕೇಳಿಸುತ್ತದೆ. ಇದಕ್ಕೆ ನನ್ನ ಆಕ್ಷೇಪವಿಲ್ಲ. ಒಬ್ಬರೇ ನಿಂತು ಹಾಡಲು ಅಳುಕುವವರಿಗೆ ಅದೊಂದು ಆಸರೆ. ಆದರೆ ಸ್ವರ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ತೀರ್ಮಾನವನ್ನೂ ತಂತ್ರಾಂಶಕ್ಕೇ ಬಿಟ್ಟುಕೊಡುವುದನ್ನು ನಾನು ಒಪ್ಪಲಾರೆ.

ನಮ್ಮ ಸ್ವರಲಿಪಿಯಲ್ಲಿ ಅಲ್ಪವಿರಾಮವೆಂದರೆ ಒಂದು ಅಕ್ಷರದ ಕಾರ್ವೆ, ಅರ್ಧವಿರಾಮವೆಂದರೆ ಎರಡು. ಸರಳೆ ವರಸೆಯಲ್ಲಿ ಪಂಚಮದ ಮುಂದೆ ಅಲ್ಪವಿರಾಮ ಬಂದರೆ ಪಂಚಮ ಎರಡು ಅಕ್ಷರ ನಿಲ್ಲುತ್ತದೆ, ತಾಳ ಮಾತ್ರ ನಿಲ್ಲದೆ ಸಾಗುತ್ತದೆ. ಪಾಶ್ಚಾತ್ಯ ಲಿಪಿಯ ಫರ್ಮಾಟಾ (ಕಮಾನಿನ ಕೆಳಗೆ ಚುಕ್ಕಿ) ಹಾಗಲ್ಲ. ಅಲ್ಲಿ ಎಣಿಕೆಯೇ ತಡೆಯುತ್ತದೆ. ಕಾರ್ವೆಯ ಜಾಗದಲ್ಲಿ ಫರ್ಮಾಟಾ ಹಾಕಿ ಎರಡರಷ್ಟು ಹಿಗ್ಗಿಸಿದರೆ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಮೆಟ್ರೊನೋಮ್ ಹಾಕಿ ನೋಡಿ: ಎರಡು ಟಿಕ್ ಬರಬೇಕಾದಲ್ಲಿ ಒಂದೇ ಬರುತ್ತದೆ. ಅದನ್ನು ಕೇಳುತ್ತ ಆದಿತಾಳ ಹಾಕುವ ಮಗುವಿಗೆ ಎಂಟರ ಬದಲು ಏಳೇ ಎಣಿಕೆ ಸಿಗುತ್ತದೆ. ಕಾರ್ವೆಯನ್ನು ದೀರ್ಘ ಸ್ವರವಾಗಿಯೇ ಬರೆಯಬೇಕು, ಇಲ್ಲವೇ ಎರಡು ಸ್ವರಗಳನ್ನು ಟೈ ಗೆರೆಯಿಂದ ಕೂಡಿಸಬೇಕು.

ತಾಳ ನಿಜವಾಗಿ ನಿಲ್ಲುವ ಕಡೆ ಫರ್ಮಾಟಾ ಬರಲಿ. ಅದನ್ನು ಆಯ್ದುಕೊಂಡರೆ ಅದರ ಗುಣಗಳಲ್ಲಿ ಹಿಗ್ಗಿಸುವ ಪ್ರಮಾಣ ಕಾಣುತ್ತದೆ. ಅದು ಗುಣಕ, ಸೆಕೆಂಡು ಅಲ್ಲ. ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ ಒಂದು ಎಣಿಕೆಯ ಸ್ವರ ಎರಡರಷ್ಟು ಹಿಗ್ಗಿದರೆ 2 ಸೆಕೆಂಡು ನಿಲ್ಲುತ್ತದೆ. ವೇಗ 120ಕ್ಕೆ ಏರಿಸಿದರೆ 1 ಸೆಕೆಂಡಿಗೆ ಇಳಿಯುತ್ತದೆ. ಉಸಿರಿನ ಚಿಹ್ನೆ ಮತ್ತು ಜೋಡಿ ಓರೆಗೆರೆಯ ಸೆಸೂರಾಗಳ ಲೆಕ್ಕ ಬೇರೆ. ಅವುಗಳ ವಿರಾಮ ಸೆಕೆಂಡಿನಲ್ಲಿದೆ, ವೇಗ ಬದಲಾದರೂ ಅದು ಬದಲಾಗದು. ಸೆಕೆಂಡು ಸೊನ್ನೆಯಾಗಿದ್ದರೆ ಚಿಹ್ನೆ ಪರದೆಯ ಮೇಲೆ ಇರುತ್ತದೆ, ನಿಲುಗಡೆ ಮಾತ್ರ ಇರುವುದಿಲ್ಲ. ಮಕ್ಕಳಿಗೆ ಮೊದಲು ನಿಧಾನವಾಗಿ ಕಲಿಸಿ ಆಮೇಲೆ ವೇಗ ಹೆಚ್ಚಿಸುತ್ತೇವಲ್ಲ, ಈ ವ್ಯತ್ಯಾಸ ಬಾಧಿಸುವುದು ಆಗಲೇ. ಹಾಡಿನ ವೇಗ ಇಮ್ಮಡಿಯಾಯಿತೆಂದು ಐದನೇ ತರಗತಿಯ ಮಗು ಅರ್ಧ ಹೊತ್ತಿನಲ್ಲಿ ಉಸಿರು ತೆಗೆದುಕೊಳ್ಳಲಾರದು. ಉಸಿರಿಗಾಗಿ ನಿಲ್ಲಿಸುವ ಕಡೆ ಸೆಕೆಂಡಿನ ವಿರಾಮವೇ ಸರಿ ಎಂದು ನಾನು ಹೇಳುವುದು ಇದಕ್ಕೇ.

ಚಿಹ್ನೆ ಕಂಡಲ್ಲೆಲ್ಲ ಹಿಗ್ಗಿಸಬೇಕೆಂದೂ ಇಲ್ಲ. ಬಾಖ್‌ನ ಕೋರಾಲ್‌ಗಳಲ್ಲಿ ಸಾಲು ಮುಗಿದಲ್ಲೆಲ್ಲ ಫರ್ಮಾಟಾ ಇದೆ. ಅದು ಸಾಲಿನ ಕೊನೆಯ ಗುರುತಷ್ಟೇ, ಉದ್ದಕ್ಕೆ ಎಳೆಯುವ ಸೂಚನೆಯಲ್ಲ ಎಂದು ಓದುವವರು ಬಹಳ ಮಂದಿ. ಬೀಥೋವನ್‌ನ ಐದನೇ ಸಿಂಫನಿಯ ಆರಂಭದ ಫರ್ಮಾಟಾಗಳನ್ನು ಒಬ್ಬ ನಿರ್ದೇಶಕ ಹಿಡಿದಷ್ಟು ಹೊತ್ತು ಇನ್ನೊಬ್ಬರು ಹಿಡಿಯುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ನಾವು ತುಂಬಿದ ಅಂಕಿ ಮಾತ್ರ, ಆ ಅಂಕಿಗೆ ಉತ್ತರ ಹೇಳಬೇಕಾದವರು ಅದನ್ನು ತುಂಬಿದವರು.

ಅಂಕಿಯನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಪಾಠದ ದಿನ ಮಕ್ಕಳು ಹೇಗಿರುತ್ತಾರೋ ಯಾರು ಬಲ್ಲರು? ಊಟದ ನಂತರದ ಅವಧಿಯಲ್ಲಿ ಉಸಿರು ಬೇಗ ಮುಗಿಯುತ್ತದೆ. ಹಾಗಾಗಿ ದೊಡ್ಡ ನಿಲುಗಡೆಯಲ್ಲಿ ಸ್ಪೇಸ್ ಕೀಲಿ ಒತ್ತಿ ನುಡಿಸುವುದನ್ನು ನಿಲ್ಲಿಸಿ, ಸ್ವರವನ್ನು ಕೈಸನ್ನೆಯಿಂದ ಹಿಡಿಸಿ, ಕೈಯಿಂದಲೇ ಬಿಡಿಸಿ, ಮತ್ತೆ ಒತ್ತಿ ಮುಂದುವರಿಸುವುದು ಮೇಲು. ಪಾಠದ ಓಟ ಕೆಡುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಮೊದಲೆರಡು ಪಾಠಗಳಲ್ಲಿ ಕೆಡುವುದು ನಿಜ. ಆದರೆ ಪರದೆಯನ್ನೇ ನೋಡುತ್ತಿದ್ದ ಪ್ರಶಿಕ್ಷಣಾರ್ಥಿ ಮಕ್ಕಳ ಮುಖ ನೋಡಲು ಶುರುಮಾಡುವುದೂ ಆಗಲೇ.

ವೀಕ್ಷಣಾ ನಮೂನೆಯಲ್ಲಿ ‘ತಂತ್ರಜ್ಞಾನ ಬಳಕೆ’ ಎಂಬ ಅಂಶಕ್ಕೆ ಲ್ಯಾಪ್‌ಟಾಪ್ ತೆರೆದರೇ ಅಂಕ ಸಿಕ್ಕಿಬಿಡುತ್ತದೆ. ಅದರ ಬದಲು ಹಾಡಿನ ಪಾಠ ಯೋಜನೆಯಲ್ಲೇ ಒಂದು ಸಾಲು ಕೇಳೋಣ: ಈ ಹಾಡಿನಲ್ಲಿ ಕಾರ್ವೆ ಎಲ್ಲೆಲ್ಲಿ, ನಿಲುಗಡೆ ಎಲ್ಲೆಲ್ಲಿ, ಯಾವುದನ್ನು ಯಂತ್ರಕ್ಕೆ ಬಿಟ್ಟಿದ್ದೀರಿ, ಯಾವುದನ್ನು ನೀವೇ ಉಳಿಸಿಕೊಂಡಿದ್ದೀರಿ. ಪಾಠದ ನಂತರದ ಚರ್ಚೆಯನ್ನು ಆ ಸಾಲಿನಿಂದಲೇ ಆರಂಭಿಸಬಹುದು.