ಮೌನವೂ ಅನುಮೋದನೆಯೇ

ದೇಶದಲ್ಲಿ ಎಲ್ಲಿಯಾದರೂ ಬಾಂಬು ಸಿಡಿದೊಡನೆ ನಮ್ಮ ಬಸದಿಗಳ ಪ್ರಾಂಗಣದಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ‘ಮುಸಲ್ಮಾನರೇಕೆ ಇದನ್ನು ಖಂಡಿಸುವುದಿಲ್ಲ?’ ಕೇಳಿದವರು ಉತ್ತರಕ್ಕಾಗಿ ಕಾಯುವುದಿಲ್ಲ. ಆದುದರಿಂದ ಅದು ಪ್ರಶ್ನೆಯಲ್ಲ, ಆರೋಪ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜಕ್ಕೆ ಈ ಆರೋಪ ಶೋಭಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಲೇಬೇಕಾಗಿದೆ.

ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ರಜಾಕಾರರ ಹಾವಳಿಯನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. ಬೀದರ ಜಿಲ್ಲೆಯ ಗೋರಟಾದ ಹತ್ಯಾಕಾಂಡವನ್ನು ಈ ನಾಡು ಮರೆತಿಲ್ಲ, ಮರೆಯಲೂಬಾರದು. ಆದರೆ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನ ಏಳು ಮಂದಿ ಗಣ್ಯ ಮುಸಲ್ಮಾನರು ಬಹಿರಂಗ ಹೇಳಿಕೆಯೊಂದಕ್ಕೆ ಸಹಿ ಹಾಕಿದರೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ರಜಾಕಾರ ಪಡೆಯನ್ನು ವಿಸರ್ಜಿಸಬೇಕು, ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಬೇಕು ಎಂದು ಅವರು ಒತ್ತಾಯಿಸಿದರು. ಬಾಖರ್ ಅಲಿ ಮಿರ್ಜಾ, ಮುಲ್ಲಾ ಅಬ್ದುಲ್ ಬಾಸಿತ್, ಫರೀದ್ ಮಿರ್ಜಾ ಅವರಲ್ಲಿ ಕೆಲವರು. ಫರೀದ್ ಮಿರ್ಜಾ ಅವರಂತೂ ಸರ್ಕಾರಿ ಹುದ್ದೆಯನ್ನೇ ತ್ಯಜಿಸಿದ್ದರು. ‘ಇಮ್ರೋಜ್’ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನರು ಇದೇ ನಿಲುವನ್ನು ನಿರ್ಭಯವಾಗಿ ಬರೆಯುತ್ತಿದ್ದರು. ಆ ತಿಂಗಳ 21ರ ರಾತ್ರಿ ಅವರ ಮೇಲೆ ಗುಂಡು ಹಾರಿಸಿ, ಬರೆಯುವ ಕೈಯನ್ನೇ ಕಡಿದರು. ಬೆಳಗಾಗುವಷ್ಟರಲ್ಲಿ ಅವರು ತೀರಿಕೊಂಡರು. ಇದಕ್ಕಿಂತ ಮಿಗಿಲಾದ ಖಂಡನೆಯನ್ನು ನಾವು ಯಾರಿಂದ ಬಯಸೋಣ?

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಕತ್ತಿ ನಿರಪರಾಧಿಗಳ ಮೇಲೆ ಬಿದ್ದಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ನಿಯೋಗವು ಸಂಸ್ಥಾನದಲ್ಲಿ 27,000ದಿಂದ 40,000 ಜನ ಹತರಾದರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು. ಆ ವರದಿ ದಶಕಗಳ ಕಾಲ ಕತ್ತಲೆಯಲ್ಲಿತ್ತು. ಮುಸಲ್ಮಾನ ನೇಕಾರರನ್ನು ಕಾಪಾಡಲು ಹೋಗಿ ಪ್ರಾಣವನ್ನೇ ತೆತ್ತ ಹಿಂದೂ ನೇಕಾರರ ಸಂಗತಿಯೂ ಅದರಲ್ಲಿದೆ, ಅಂಥವರಿಗೆ ನಮಸ್ಕಾರ. ಆದರೆ ಆ ದಿನಗಳಲ್ಲಿ ‘ನೀವೇಕೆ ಖಂಡಿಸಲಿಲ್ಲ?’ ಎಂದು ನಮ್ಮನ್ನು ಯಾರಾದರೂ ಕೇಳಿದ್ದರೆ ನಮ್ಮ ಬಳಿ ಏಳು ಸಹಿಗಳಿದ್ದವೇ?

ಇವು ಹಳೆಯ ಮಾತುಗಳೆನ್ನಬಹುದು. 2008ರ ಫೆಬ್ರವರಿಯಲ್ಲಿ ದೇವಬಂದಿನ ದಾರುಲ್ ಉಲೂಮ್ ದೇಶದ ನಾನಾ ಭಾಗಗಳ ಉಲೇಮಾಗಳನ್ನು ಸೇರಿಸಿ, ಭಯೋತ್ಪಾದನೆಯು ಇಸ್ಲಾಮಿಗೆ ವಿರುದ್ಧವೆಂದು ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆಸಿ ಸತ್ತ ಒಂಬತ್ತು ಉಗ್ರರ ಶವಗಳಿಗೆ ಆ ನಗರದ ಬಡಾ ಕಬರಸ್ತಾನದ ಮುಸ್ಲಿಂ ಟ್ರಸ್ಟು ಒಂದು ಗೇಣು ಮಣ್ಣನ್ನೂ ಕೊಡಲಿಲ್ಲ. ಅದೂ ನಮ್ಮ ಬಸದಿಗಳ ಆಡಳಿತ ಮಂಡಳಿಗಳಂತಹ ಒಂದು ಸಂಸ್ಥೆಯೇ. ಇಷ್ಟಾದರೂ ‘ಅವರು ಮಾತನಾಡುವುದಿಲ್ಲ’ ಎನ್ನುವುದಾದರೆ ದೋಷವಿರುವುದು ಅವರ ನಾಲಗೆಯಲ್ಲಲ್ಲ, ನಮ್ಮ ಕಿವಿಯಲ್ಲಿ.

‘ಎಲ್ಲರೂ ಹಾಗಿಲ್ಲವಲ್ಲ’ ಎಂಬ ಆಕ್ಷೇಪಣೆ ಉಂಟು. ನಿಜ, ಎಲ್ಲರೂ ಹಾಗಿಲ್ಲ. ಯಾವ ಸಮಾಜದಲ್ಲಿಯೂ ಇಲ್ಲ. ಹಿಂಸೆಗೈದವನಿಗೆ ಕಾನೂನಿನ ದಂಡನೆ ತಪ್ಪಬಾರದು. ಆದರೆ ಮಾಡಿದವನೇ ಕರ್ಮಫಲವನ್ನು ಉಣ್ಣುವನೆಂಬ ಸಿದ್ಧಾಂತವನ್ನು ನಂಬಿದವರು, ಒಬ್ಬನ ಪಾಪವನ್ನು ಅವನ ಕುಲಕ್ಕೆಲ್ಲ ಹಚ್ಚುವುದೆಂತು? ಕೃತ, ಕಾರಿತ, ಅನುಮೋದನೆ ಎಂದು ಹಿಂಸೆಗೆ ಮೂರು ದ್ವಾರಗಳು. ನೆರೆಯವನನ್ನು ನಿಂದಿಸುವ ಮಾತು ನಮ್ಮ ಎದುರಿನಲ್ಲೇ ನಡೆಯುವಾಗ ತಲೆದೂಗುವುದು ಮೂರನೆಯದಕ್ಕೆ ಸೇರುತ್ತದೆ. ಸುಮ್ಮನಿರುವುದೂ ಅಷ್ಟೇ.

ಭೀಮಾತೀರದ ಸನ್ನತಿಯಲ್ಲಿ, ಕುಸಿದ ಕಾಳಿಗುಡಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ದೊರೆತಿದೆ. ಅದರಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಉಂಟು. ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆಂಬುದು ಆ ಶಾಸನದ ಆಶಯ. ಮಾತಿನ ಸಂಯಮಕ್ಕೆ ಅದು ಬಳಸುವ ಪದ ನಮ್ಮ ವಚನಗುಪ್ತಿಯ ಒಡಹುಟ್ಟಿದ ಪದ. ಅಲ್ಲಿಂದ ದೂರವಲ್ಲದ ಮಳಖೇಡದಲ್ಲಿ ನೇಮಿನಾಥ ಬಸದಿ ನಿಂತಿದೆ. ಇಂತಹ ನೆಲದಲ್ಲಿ ಬಾಳುವವರಿಗೆ ಬೇರೆ ಬೋಧನೆ ಬೇಕೆ?

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಕ್ಷಮಾವಣಿಯ ದಿನ ನಮ್ಮ ನಮ್ಮಲ್ಲೇ ಕೈಮುಗಿದು ಮುಗಿಸದೆ, ಊರಿನ ಮಸೀದಿಯ ಹಿರಿಯರನ್ನು ಆದರದಿಂದ ಕರೆಯಿರಿ. ಪ್ರಶ್ನೆ ಕೇಳಲೆಂದಲ್ಲ, ಇಷ್ಟು ದಿನ ಕೇಳಿಸಿಕೊಳ್ಳದೆ ಹೋದುದಕ್ಕೆ ಕ್ಷಮೆ ಬೇಡಲೆಂದು. ಶೋಯೆಬುಲ್ಲಾ ಖಾನರ ಹೆಸರನ್ನು ಅಂದು ನಮ್ಮ ಮಕ್ಕಳಿಗೆ ಹೇಳೋಣ. ಅಷ್ಟನ್ನೂ ಮಾಡಲಾರದಿದ್ದರೆ, ಅಹಿಂಸೆಯ ಹೆಸರನ್ನು ದ್ವಾರದ ಮೇಲೆ ಬರೆಸಿ ಫಲವೇನು?