ಲೀಟರ್ ಬಾಟ್ಲಿಯಲ್ಲಿ ಎಷ್ಟು ಕಿಲೋ?



ನಮ್ಮ ಶಿರಸಿ ಸೀಮೆಯಲ್ಲಿ ಆಲೆಮನೆ ಮುಗಿಯಿತೆಂದರೆ ಮನೆಮನೆಯಲ್ಲೂ ಜೋನಿಬೆಲ್ಲ. ದೋಸೆಗೆ, ತೆಳ್ಳೇವಿಗೆ ಆಗಿ ಮಿಕ್ಕಿದ್ದನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳೋಣ ಅಂತ ಒಂದು ವರ್ಷ ನಾನೂ ಹೊರಟೆ. ಬೆಂಗಳೂರಿನಲ್ಲಿರುವ ನಾದಿನಿ, ಅಕ್ಕಪಕ್ಕದವರಿಗೆ ಬೇಕೆಂದು ಇಪ್ಪತ್ತು ಬಾಟ್ಲಿ ಕೇಳಿದ್ದಳು. ಲೀಟರ್ ಬಾಟ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತುಂಬಿಸಿ ಕಳಿಸಿದೆ. ಚೀಟಿಯಲ್ಲಿ "20 ಕಿಲೋ" ಅಂತ ಬರೆದು, ಪೇಟೆಯ ಕಿಲೋ ದರವನ್ನೇ ಹಾಕಿದೆ. ದುಡ್ಡು ಬಂತು, ಸಂತೋಷವೂ ಆಯಿತು.

ಆ ವಾರವೇ ಸಿದ್ದಾಪುರದ ಅತ್ತಿಗೆ ಬಂದಿದ್ದರು. ಕತೆ ಕೇಳಿ, "ತೂಕ ಮಾಡಿದ್ಯನೇ?" ಅಂದರು. ಲೀಟರ್ ಅಂದಮೇಲೆ ಕಿಲೋ ಅಲ್ಲವೇ, ತೂಕ ಯಾಕೆ ಅಂದೆ. ಅವರು ಮಾತಾಡಲಿಲ್ಲ. ಉಳಿದಿದ್ದ ಒಂದು ಬಾಟ್ಲಿಯನ್ನು ತಕ್ಕಡಿಗೆ ಇಟ್ಟರು. ಖಾಲಿ ಬಾಟ್ಲಿಯ ತೂಕ ಕಳೆದರೂ 1 ಕಿಲೋ 380 ಗ್ರಾಂ! ಇಪ್ಪತ್ತು ಬಾಟ್ಲಿಗೆ 27 ಕಿಲೋ 600 ಗ್ರಾಂ. ಏಳೂವರೆ ಕಿಲೋಗೂ ಹೆಚ್ಚು ಬೆಲ್ಲ ಪುಕ್ಕಟೆ ಹೋಗಿತ್ತು. ಕಬ್ಬು ಕಡಿದವರ, ಕೊಪ್ಪರಿಗೆ ಮುಂದೆ ನಿಂತವರ ಬೆವರು ಅದು. ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಂಬಿ.

ಹತ್ತನೇ ಕ್ಲಾಸಿನ ಮಗ ಪುಸ್ತಕ ತಂದು, "ಆಯಿ, ಇದಕ್ಕೆ ಸಾಂದ್ರತೆ ಅಂತಾರೆ" ಅಂದ. ಹೆಸರು ದೊಡ್ಡದು, ವಿಷಯ ಚಿಕ್ಕದು. ಒಂದೇ ಅಳತೆಯ ಪಾತ್ರೆಯಲ್ಲಿ ಒಂದೊಂದು ಪದಾರ್ಥ ಎಷ್ಟೆಷ್ಟು ತೂಗುತ್ತದೆ ಅನ್ನೋದೇ ಸಾಂದ್ರತೆ. ಲೀಟರಿಗೆ ಒಂದು ಕಿಲೋ ಅನ್ನುವುದು ನೀರಿನ ಲೆಕ್ಕ. ಅದನ್ನೇ ನಾವು ಎಲ್ಲದಕ್ಕೂ ಹಚ್ಚುತ್ತೇವೆ.

ಒಂದು ಲೀಟರಿನ ತೂಕ ಸುಮಾರಾಗಿ ಹೀಗಿರುತ್ತದೆ, ಬರೆದಿಟ್ಟುಕೊಳ್ಳಿ:

ನೀರು – 1 ಕಿಲೋ
ಹಸುವಿನ ಹಾಲು – 1 ಕಿಲೋ 30 ಗ್ರಾಂ
ಕೊಬ್ಬರಿ ಎಣ್ಣೆ – 920 ಗ್ರಾಂ
ಕರಗಿದ ತುಪ್ಪ – 910 ಗ್ರಾಂ
ಜೋನಿಬೆಲ್ಲ – 1 ಕಿಲೋ 350ರಿಂದ 400 ಗ್ರಾಂ (ತೆಳುವಾದರೆ ಕಡಿಮೆ)
ಒಳ್ಳೆಯ ಜೇನುತುಪ್ಪ – 1 ಕಿಲೋ 400 ಗ್ರಾಂ

ಮಗನ ಪುಸ್ತಕದಲ್ಲಿ ಒಂದು ಕಡೆ 1.4 ಅಂತಿತ್ತು, ಇನ್ನೊಂದು ಕಡೆ 1400. ಯಾವುದು ಸರಿ? ಎರಡೂ ಸರಿ. ಮಿಲಿಲೀಟರಿಗೆ 1.4 ಗ್ರಾಂ ಅಂದರೂ, ಲೀಟರಿಗೆ 1.4 ಕಿಲೋ ಅಂದರೂ ಅಂಕಿ ಒಂದೇ, ಯಾಕೆಂದರೆ ಎರಡೂ ಕಡೆ ಸಾವಿರಪಟ್ಟು ಆಯಿತು. ಘನ ಮೀಟರಿಗೆ ಅಂದಾಗ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ತೊಟ್ಟಿಯಲ್ಲಿ 1000 ಲೀಟರ್ ಹಿಡಿಯುತ್ತದೆ. ಆದ್ದರಿಂದ 1.4ನ್ನು ಸಾವಿರದಿಂದ ಗುಣಿಸಿದರೆ 1400. ಹಿಂದಕ್ಕೆ ಬರಬೇಕಾದರೆ ಸಾವಿರದಿಂದ ಭಾಗಿಸಿ. ಅಷ್ಟೇ.

ಇನ್ನು ಮನೆಲೆಕ್ಕ. ಲೀಟರನ್ನು ಕಿಲೋ ಮಾಡಲು ಸಾಂದ್ರತೆಯಿಂದ ಗುಣಿಸಿ, ಕಿಲೋವನ್ನು ಲೀಟರ್ ಮಾಡಲು ಭಾಗಿಸಿ. ಅಂಗಡಿಯ 15 ಕಿಲೋ ಎಣ್ಣೆ ಡಬ್ಬಿಯನ್ನೇ ನೋಡಿ. 15ನ್ನು 0.91ರಿಂದ ಭಾಗಿಸಿದರೆ ಸುಮಾರು ಹದಿನಾರೂವರೆ ಲೀಟರ್. ಅದೇ ಡಬ್ಬಿಗೆ ಅಷ್ಟೇ ಮಟ್ಟಕ್ಕೆ ನಮ್ಮ ಜೋನಿಬೆಲ್ಲ ತುಂಬಿದರೆ 22 ಕಿಲೋ ದಾಟುತ್ತದೆ. "15 ಕಿಲೋ ಡಬ್ಬಿ" ಅಂತ ಕೊಟ್ಟುಬಿಡಬೇಡಿ. ಎತ್ತುವಾಗ ಸೊಂಟವೂ ಜೋಪಾನ!

ನಿಮ್ಮ ಬೆಲ್ಲದ್ದೋ ಜೇನಿನದ್ದೋ ಲೆಕ್ಕ ನೀವೇ ತೆಗೆಯಬಹುದು. ಒಂದು ಬಾಟ್ಲಿಯನ್ನು ಖಾಲಿ ತೂಗಿ. ಕುತ್ತಿಗೆಗೆ ಗುರುತು ಮಾಡಿ, ಅಲ್ಲಿಯವರೆಗೆ ನೀರು ತುಂಬಿ ತೂಗಿ. ಚೆನ್ನಾಗಿ ಒಣಗಿಸಿ ಅದೇ ಗುರುತಿಗೆ ಬೆಲ್ಲ ತುಂಬಿ ತೂಗಿ. ಎರಡರಲ್ಲೂ ಖಾಲಿ ಬಾಟ್ಲಿಯ ತೂಕ ಕಳೆಯಿರಿ. ನೀರು 500 ಗ್ರಾಂ, ಬೆಲ್ಲ 690 ಗ್ರಾಂ ಬಂದರೆ 690ನ್ನು 500ರಿಂದ ಭಾಗಿಸಿ: 1.38. ಜೇನು 1.35ಕ್ಕಿಂತ ಕೆಳಗೆ ಬಂದರೆ ನೀರಿನಂಶ ಹೆಚ್ಚಿದೆ, ಹುಳಿ ಬರುವ ಭಯ ಉಂಟು ಅಂತ ತಿಳಿಯಿರಿ.

ಯಲ್ಲಾಪುರದ ಕಡೆಯ ನನ್ನ ತಂಗಿಗೂ ಈ ಲೆಕ್ಕವೇ ಮಾನ ಉಳಿಸಿತು. ಹಾಲು ಕೊಡುವಲ್ಲಿ ಒಂದು ಬೆಳಿಗ್ಗೆ ಲ್ಯಾಕ್ಟೋಮೀಟರ್ 25 ತೋರಿಸಿ, "ನೀರು ಹಾಕಿದ್ದೀರಾ ಅಕ್ಕ?" ಅಂದರಂತೆ. ನಾಲ್ಕು ಜನರೆದುರು! ಲ್ಯಾಕ್ಟೋಮೀಟರಿನಲ್ಲಿ 28 ಅಂದರೆ 1.028 ಅಂತ ಅರ್ಥ, ಘನ ಮೀಟರಿನ ಲೆಕ್ಕದಲ್ಲಿ 1028. ನೀರು ಸೇರಿದರೆ ಅಂಕಿ ಇಳಿಯುವುದು ನಿಜ. ಆದರೆ ಆಗಷ್ಟೇ ಕರೆದ ಬೆಚ್ಚನೆ ಹಾಲೂ ಹಿಗ್ಗಿ ಹಗುರಾಗಿರುತ್ತದೆ, ನೊರೆಯ ಗಾಳಿಯೂ ಸೇರಿರುತ್ತದೆ. ತಂಗಿ ಅಳುತ್ತ ಬರಲಿಲ್ಲ. "ಸ್ವಲ್ಪ ಆರಲಿ, ಮತ್ತೆ ನೋಡಿ" ಅಂದಳು. ಹಾಲು ಆರಿದ ಮೇಲೆ ಅದೇ ಹಾಲು 28 ತೋರಿಸಿತು.

ನಮ್ಮ ಹಿರಿಯರು ಸೇರು, ಪಾವು, ಕೊಳಗದಲ್ಲಿ ಅಳೆದರು. 1958ರಿಂದ ದೇಶದಲ್ಲಿ ಕಿಲೋ ತೂಕ ಜಾರಿಗೆ ಬರತೊಡಗಿತು. ಅಳತೆ ಯಾವುದೇ ಇರಲಿ, ಅಳೆಯುವ ಕೈ ನಮ್ಮದೇ ಅಲ್ಲವೇ? ಮಾರುವವಳಾದರೂ ಕೊಳ್ಳುವವಳಾದರೂ ಮೊದಲು ಒಂದು ಮಾತು ಕೇಳಿ: "ದರ ಲೀಟರಿಗೋ, ಕಿಲೋಗೋ?"

ಅಂದಹಾಗೆ, ನಾದಿನಿಗೆ ಉಳಿದ ದುಡ್ಡು ಕೇಳಲಿಲ್ಲ. ತಪ್ಪು ನನ್ನದು. ಮರುವರ್ಷದ ಚೀಟಿಯಲ್ಲಿ ಮಾತ್ರ ಕಿಲೋ, ಲೀಟರ್ ಎರಡನ್ನೂ ಬರೆದೆ.