ಮೈಲುತುತ್ತಕ್ಕೂ ಸಾವಯವದ ಮುದ್ರೆಯೇ?

ಪೊಟ್ಟಣದ ಮೇಲೆ 'ಸಾವಯವ' ಎಂದು ಅಚ್ಚಾಗಿದ್ದರೆ ಹೆಚ್ಚು ಬೆಲೆ ತೆರಲು ದೆಹಲಿಯ ಕನ್ನಡಿಗರು ಹಿಂದೆಗೆಯುವುದಿಲ್ಲ. ಆದರೆ ಸಾವಯವ ಕೃಷಿಯ ನಿಯಮಗಳೇ ಹಲವು ದೇಶಗಳಲ್ಲಿ ತಾಮ್ರದ ಮದ್ದಿಗೆ ಬಾಗಿಲು ತೆರೆದಿಟ್ಟಿವೆ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ಊರಿನ ಅಡಿಕೆ ತೋಟದಲ್ಲಿ ಇನ್ನೂ ಪಾಲುಳ್ಳವರಿಗೆ ಬೋರ್ಡೋ ದ್ರಾವಣವನ್ನು ಪರಿಚಯಿಸಬೇಕಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿಗಾಗಿ 1885ರಲ್ಲಿ ಮಿಲಾರ್ಡೆ ಪ್ರಕಟಿಸಿದ ಈ ಮದ್ದನ್ನು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಬಳಕೆಗೆ ತಂದವರು ಡಾ. ಲೆಸ್ಲಿ ಕೋಲ್ಮನ್. ಅದು ಎಷ್ಟೋ ಮನೆಗಳ ಅನ್ನ ಉಳಿಸಿತು, ನಿಜ. ಆದರೆ ತಾಮ್ರ ಕೊಳೆತು ಕರಗುವ ವಸ್ತುವಲ್ಲ. ಮಳೆಗೆ ತೊಳೆದು ಬುಡಕ್ಕಿಳಿದದ್ದು ಮೇಲ್ಮಣ್ಣಿನಲ್ಲಿ ವರ್ಷವರ್ಷವೂ ಸೇರುತ್ತ ಹೋಗಿ ಎರೆಹುಳುವಿಗೆ ಮುಳುವಾಗುತ್ತದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವೆಂದು ಮಿತಿ ಹಾಕಿದೆ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಅಂದರೆ ವರ್ಷಕ್ಕೆ ಸರಾಸರಿ 16 ಕಿಲೋ ತುತ್ತ. ಮಳೆಗಾಲದಲ್ಲಿ ಎರಡು ಮೂರು ಸಲ ಹೊಡೆಸುವವರು ತಮ್ಮ ತೋಟದ ಲೆಕ್ಕವನ್ನು ತಾವೇ ಹಾಕಿ ನೋಡಲಿ.

"ಹಾಗಾದರೆ ಕೊಳೆ ಬಂದರೆ ಬಾಯಿಗೆ ಮಣ್ಣೇ?" ಎನ್ನುವವರುಂಟು. ಮದ್ದು ಬರುವ ಮೊದಲೇ ಹಿರಿಯರು ಮಳೆಗೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಳೆಯ ಬೀಜಾಣು ಹರಡಲು ಕಾಯಿಯ ಮೇಲೆ ನೀರಿನ ಪಸೆ ಬೇಕು. ಕೊನೆ ನೆನೆಯದಿದ್ದರೆ ಅದರ ಆಟ ನಡೆಯದು. ಈಗ ಪ್ಲಾಸ್ಟಿಕ್ ಕೊಟ್ಟೆ ಸಿಗುತ್ತದೆ. (ಅದನ್ನು ತೋಟದಲ್ಲೇ ಎಸೆಯುವ ಚಾಳಿ ಬೇರೊಂದು ರಗಳೆ.) ಜೊತೆಗೆ ಬಸಿಗಾಲುವೆ ತೆಗೆಸಬೇಕು, ಉದುರಿದ ಕೊಳೆಯಡಿಕೆಯನ್ನು ಹೆಕ್ಕಿ ಹೊರಹಾಕಬೇಕು. ಟ್ರೈಕೋಡರ್ಮ ಬುಡದ ರೋಗಗಳಿಗೆ ಸರಿ. ಆಷಾಢದ ಮಳೆಯಲ್ಲಿ ಮರದ ತುದಿಯ ಕೊನೆಯನ್ನೂ ಅದೇ ಕಾಯುತ್ತದೆಂದು ಮಾರುವವರನ್ನು ನಾವು ನಂಬಲಾರೆವು. ಕಾಫಿಯಲ್ಲಂತೂ ತಳಿಯೇ ದಾರಿ: ಎಲೆತುಕ್ಕು ತಡೆಯಲೆಂದೇ ಬಾಳೆಹೊನ್ನೂರಿನ ಸಂಶೋಧನ ಕೇಂದ್ರ ತಳಿಗಳನ್ನು ಬೆಳೆಸುತ್ತ ಬಂದಿದೆ, 2007ರಲ್ಲಿ ಬಂದ 'ಚಂದ್ರಗಿರಿ' ಅವುಗಳಲ್ಲೊಂದು.

ಅಡಿಕೆಯಲ್ಲಿ ತೊಡಕಿರುವುದು ವಿಜ್ಞಾನದಲ್ಲಲ್ಲ, ಖರ್ಚಿನಲ್ಲಿ. ಕೊಟ್ಟೆಗೆ ಪ್ರತಿ ಮರವನ್ನೂ ಹತ್ತಬೇಕು. ಕೊನೆಗೌಡರು ಸಿಗುವುದೇ ಕಷ್ಟ, ಸಿಕ್ಕರೆ ಕೂಲಿ ಹೆಚ್ಚು. ಊರಿನಲ್ಲಿ ತೋಟ ನೋಡಿಕೊಳ್ಳುವ ತಮ್ಮ ಅದಕ್ಕೆ ಹಣ ಕೇಳಿದರೆ, "ಮದ್ದು ಹೊಡೆಸು, ಸಾಕು" ಎಂದು ಇಲ್ಲಿಂದಲೇ ಅಪ್ಪಣೆ ಕೊಡಿಸುವ ಅಣ್ಣಂದಿರು ನಮ್ಮ ಸಂಘದಲ್ಲಿದ್ದಾರೆ. ಸಾವಯವದ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕೂರುವವರೂ ಅವರೇ! ಎಲ್‌ಟಿಸಿ ಹಿಡಿದು ಬೇಸಿಗೆಯಲ್ಲಿ ಊರಿಗೆ ಹೋಗುವ ಇಂಥ ಪಾಲುದಾರರು, ಫಸಲಿನ ಪಾಲು ಎಣಿಸುವ ಮೊದಲು ಕೊಟ್ಟೆಯ ಖರ್ಚಿನ ಪಾಲನ್ನು ತಮ್ಮನ ಕೈಗಿತ್ತು ಬರಲಿ.